ಹಾವರ್ತ್ ಮನೆಗೆ ವಾಸ್ತು ದೋಷ ಹಚ್ಚುವವರಿಗೆ ಒಂದು ಬಹಿರಂಗ ಪತ್ರ

ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ, ಬೇಸಿಗೆಯಲ್ಲಿ ಮಕ್ಕಳ ಮನೆಗೆಂದು ಇಲ್ಲಿಗೆ ಬರುವ ಅಪ್ಪ ಅಮ್ಮಂದಿರಿಗೆ, ಮಿನಿ ಬಸ್ ಮಾಡಿ ಎಲ್ಲರಿಗೂ ಯಾರ್ಕ್‌ಷೈರ್ ತೋರಿಸುವ ಉತ್ಸಾಹಿಗಳಿಗೆ,

ನಮಸ್ಕಾರ.

ನೇರ ವಿಷಯಕ್ಕೆ ಬರುತ್ತೇನೆ. ಯಾರ್ಕ್‌ಷೈರ್‌ನ ಹಾವರ್ತ್ ಎಂಬ ಗುಡ್ಡದ ಊರಿನಲ್ಲಿ ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ್ತಿಯರಾದ ಶಾರ್ಲಟ್, ಎಮಿಲಿ, ಆ್ಯನ್ ಎಂಬ ಬ್ರಾಂಟಿ ಅಕ್ಕತಂಗಿಯರ ಮನೆ ನೋಡಿ ಬಂದವರು ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಬರೆಯುವುದನ್ನು ಓದಿ ಓದಿ ಸಾಕಾಗಿದೆ. "ಮನೆ ಎದುರೇ ಸ್ಮಶಾನ, ಇನ್ನೇನಾಗುತ್ತೆ ಹೇಳಿ?" "ಆರು ಮಕ್ಕಳೂ ಅಪ್ಪನ ಕಣ್ಣೆದುರೇ ಹೋದವು. ವಾಸ್ತು ಸರಿ ಇರಲಿಲ್ಲ." "ಒಳ್ಳೇ ದೆವ್ವದ ಬಂಗಲೆ ಇದ್ದ ಹಾಗಿದೆ." ಇದರ ಕೆಳಗೆ ಮೋಡ ಕವಿದ ದಿನ ತೆಗೆದ ಒಂದು ಫೋಟೋ. ಅದಕ್ಕೆ ಇಪ್ಪತ್ತು ಜನರ ಕೈಮುಗಿದ ಎಮೋಜಿ.

ಆ ಮನೆಯ ಪರವಾಗಿ ನಾಲ್ಕು ಮಾತು ಹೇಳಬೇಕು ಅನ್ನಿಸಿದೆ. ಮನೆಗೆ ಬಾಯಿಲ್ಲ. ಅದನ್ನು ಕಟ್ಟಿದ ಮೇಸ್ತ್ರಿಯೂ ಇಲ್ಲ. ಮತ್ತೆ ಯಾರಾದರೂ ಹೇಳಬೇಕಲ್ವಾ?

ಮೊದಲು ವಾಸ್ತು ವಿಚಾರವನ್ನೇ ಮುಗಿಸಿಬಿಡೋಣ. ಮನೆಯ ಮುಂಬಾಗಿಲು ಪೂರ್ವಕ್ಕಿದೆ. ಎದುರಿಗೆ ಸಣ್ಣ ಕೈತೋಟ, ಅದರಾಚೆ ಸಮಾಧಿಗಳು, ಅದರಾಚೆ ಚರ್ಚು. ಬೆಂಗಳೂರಿನಲ್ಲಿ ಪೂರ್ವ ದಿಕ್ಕಿನ ಸೈಟಿಗೆ ಎಷ್ಟು ಜಾಸ್ತಿ ಕೊಡುತ್ತೇವೆ ಅಂತ ನಿಮಗೇ ಗೊತ್ತು. ಇದೇ ಮನೆಯಲ್ಲಿ ಆ ಹುಡುಗಿಯರ ಅಪ್ಪ, ಪಾದ್ರಿ ಪ್ಯಾಟ್ರಿಕ್ ಬ್ರಾಂಟಿ 1820ರಿಂದ 1861ರವರೆಗೆ 41 ವರ್ಷ ಇದ್ದರು. ತೀರಿಕೊಂಡಾಗ ಅವರಿಗೆ 84. ಅಡುಗೆ ಮನೆ ನೋಡಿಕೊಂಡಿದ್ದ ಟ್ಯಾಬಿ ಎಂಬ ಹೆಂಗಸೂ ಎಂಬತ್ತು ದಾಟಿ ಬದುಕಿದ್ದಳು. ಅದೇ ಬಾಗಿಲು, ಅದೇ ಗೋಡೆ. ದೋಷ ಮನೆಯದ್ದಾಗಿದ್ದರೆ ಇವರಿಬ್ಬರನ್ನು ಹೇಗೆ ಬಿಟ್ಟಿತು?

ಈಗ ಕಟ್ಟಡಕ್ಕೆ ಬರೋಣ. 1778-79ರಲ್ಲಿ ಕಟ್ಟಿದ ಮನೆ ಇದು. ಆಗ ಮೂರನೇ ಜಾರ್ಜ್ ರಾಜ. 1714ರಿಂದ 1830ರವರೆಗೆ ಇಲ್ಲಿ ಒಬ್ಬರಾದ ಮೇಲೊಬ್ಬರಂತೆ ನಾಲ್ವರು ಜಾರ್ಜ್‌ಗಳು ಆಳಿದರು. ಆ ಕಾಲದ ಕಟ್ಟಡಗಳನ್ನು ಜಾರ್ಜಿಯನ್ ಅನ್ನುತ್ತಾರೆ. ಈ ಶೈಲಿಯ ಜೀವ ಇರುವುದು ಅಳತೆಯಲ್ಲಿ. ನಡುವೆ ಬಾಗಿಲು, ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ. ಹಾವರ್ತ್ ಮನೆಯ ಮುಂದೆ ನಿಂತು ಎಣಿಸಿ. ಕೆಳಗೆ ಬಾಗಿಲ ಆ ಕಡೆ ಎರಡು ಕಿಟಕಿ, ಈ ಕಡೆ ಎರಡು. ಮೇಲೆ ಸಾಲಾಗಿ ಐದು. ಮೇಲಿನ ಐದರಲ್ಲಿ ನಡುವಿನದು ಸರಿಯಾಗಿ ಬಾಗಿಲ ನೆತ್ತಿಯ ಮೇಲೆ ಕೂತಿದೆ. ಬಾಗಿಲ ಅಕ್ಕಪಕ್ಕ ಗೋಡೆಗೆ ಅಂಟಿದ ಚಪ್ಪಟೆ ಕಂಬಗಳು, ಮೇಲೆ ಒಂದು ಕಲ್ಲಿನ ತ್ರಿಕೋನ. ಅಲಂಕಾರ ಅಂತ ಇರುವುದು ಇಷ್ಟೇ. ಈ ಸೀಮೆಯ ಕಲ್ಲು ದಪ್ಪ ಕಣದ ಮರಳುಗಲ್ಲು, ಬಲು ಗಟ್ಟಿ. ಅದರಲ್ಲಿ ಬಳ್ಳಿ ಹೂವು ಕೆತ್ತಲು ಹೊರಟರೆ ಉಳಿಯೇ ಸವೆಯುತ್ತದೆ. ಲಂಡನ್ನಿನಲ್ಲೂ ಬಾತ್ ಎಂಬ ನಗರದಲ್ಲೂ ಶ್ರೀಮಂತರು ಕಟ್ಟಿಸಿಕೊಂಡದ್ದನ್ನು ನಕ್ಷೆ ಪುಸ್ತಕಗಳು ಹಳ್ಳಿ ಹಳ್ಳಿಗೆ ತಲುಪಿಸಿದವು. ಊರಿನ ಮೇಸ್ತ್ರಿಗಳು ಅದನ್ನು ತಮ್ಮ ಕಲ್ಲಿಗೆ, ತಮ್ಮ ಗಾಳಿಗೆ ಒಗ್ಗಿಸಿಕೊಂಡರು. ಈ ಮನೆಯೂ ಅಂಥದ್ದೇ. ಅಂದ ಇದೆ, ಆಡಂಬರ ಇಲ್ಲ.

ಗಾಳಿ ಎಂದೆನಲ್ಲ, ತಲೆ ಎತ್ತಿ ಛಾವಣಿ ನೋಡಿ. ಹೆಂಚಲ್ಲ, ಕಲ್ಲು. ಪದರ ಪದರವಾಗಿ ಸೀಳುವ ಮರಳುಗಲ್ಲಿನ ಚಪ್ಪಡಿಗಳು. ಈ ಬೆಟ್ಟಗಳ ಕಡೆ ದೊಡ್ಡ ಚಪ್ಪಡಿಗಳನ್ನು ಕೆಳಗೆ ಸೂರಿನ ಅಂಚಿಗೆ ಹಾಕುತ್ತಾರೆ. ಮೇಲೆ ಹೋದಂತೆ ಚಪ್ಪಡಿ ಸಣ್ಣದಾಗುತ್ತಾ ಬರುತ್ತದೆ. ಭಾರವೆಲ್ಲ ಗೋಡೆಯ ಮೇಲೆ ಕೂರಲಿ, ತೊಲೆಯ ನಡುವೆ ಬೀಳದಿರಲಿ ಅನ್ನುವುದು ಒಂದು ಲೆಕ್ಕ. ಕಲ್ಲುಗಣಿಯಿಂದ ಬಂದ ಸಣ್ಣ ಚೂರೂ ದಂಡವಾಗಬಾರದು ಅನ್ನುವುದು ಇನ್ನೊಂದು. ಮನೆಯ ಹಿಂದಿನಿಂದಲೇ ಬಯಲು ಬೆಟ್ಟ ಶುರುವಾಗುತ್ತದೆ. ಅಲ್ಲಿಂದ ಬೀಸುವ ಗಾಳಿಗೆ ಹಗುರ ಛಾವಣಿಯಾಗಿದ್ದರೆ ಎರಡು ಚಳಿಗಾಲವೂ ನಿಲ್ಲುತ್ತಿರಲಿಲ್ಲ.

ಕತ್ತಲ ಮನೆ ಅನ್ನುವವರಿಗೆ ಕಿಟಕಿಗಳೇ ಉತ್ತರ. ಆಗ ಇಂಗ್ಲೆಂಡಿನಲ್ಲಿ ಕಿಟಕಿಗೆ ತೆರಿಗೆ ಇತ್ತು. 1696ರಲ್ಲಿ ಹಾಕಿದ್ದು 1851ರವರೆಗೂ ನಡೆಯಿತು. ಗಾಜಿಗೆ ಬೇರೆ ಸುಂಕ. ಎಷ್ಟೋ ಜನ ದುಡ್ಡು ಉಳಿಸಲು ಕಿಟಕಿಗೆ ಇಟ್ಟಿಗೆ ತುಂಬಿಸಿ ಮುಚ್ಚಿಸಿದರು. ಅಂಥ ಕಾಲದಲ್ಲಿ ಮುಂದಿನ ಗೋಡೆಯೊಂದಕ್ಕೇ ಒಂಬತ್ತು ಕಿಟಕಿ ಇಟ್ಟಿದ್ದಾರೆ. ಬೆಳಕು ಬೇಡದವರು ಮಾಡುವ ಕೆಲಸವೇ ಇದು? ನಮ್ಮ ತೊಟ್ಟಿ ಮನೆಗೆ ಬೆಳಕು ನಡುವಿನ ಅಂಗಳದಿಂದ ಇಳಿಯುತ್ತದೆ, ಹೊರಗೋಡೆ ಮುಚ್ಚಿದ್ದರೂ ನಡೆಯುತ್ತದೆ. ಇಲ್ಲಿ ಆ ದಾರಿ ಇಲ್ಲ. ಬರುವ ಬೆಳಕೆಲ್ಲ ಕಿಟಕಿಯಿಂದಲೇ ಬರಬೇಕು.

ಈ ಕಿಟಕಿಗಳನ್ನು ಹತ್ತಿರ ಹೋಗಿ ನೋಡಿ. ನಮ್ಮ ಕಡೆಯ ಹಾಗೆ ಹೊರಕ್ಕೆ ತೆರೆಯುವ ರೆಕ್ಕೆ ಇಲ್ಲ. ಎರಡು ಚೌಕಟ್ಟು ಒಂದರ ಮುಂದೊಂದು ಮೇಲೆ ಕೆಳಗೆ ಜಾರುತ್ತವೆ. ಪಕ್ಕದ ಮರದ ಪೆಟ್ಟಿಗೆಯೊಳಗೆ ಹಗ್ಗ, ಸಣ್ಣ ರಾಟೆ, ತೂಗು ಗುಂಡು. ಗುಂಡಿನ ತೂಕವೂ ಚೌಕಟ್ಟಿನ ತೂಕವೂ ಸರಿಸಮ. ಹಾಗಾಗಿ ಭಾರದ ಕಿಟಕಿಯನ್ನೂ ಒಂದು ಮಗು ಎತ್ತಬಹುದು, ಎತ್ತಿದಲ್ಲಿ ನಿಲ್ಲುತ್ತದೆ. ಮೇಲಿನದನ್ನು ಸ್ವಲ್ಪ ಇಳಿಸಿ, ಕೆಳಗಿನದನ್ನು ಸ್ವಲ್ಪ ಎತ್ತಿದರೆ ಬಿಸಿ ಗಾಳಿ ಮೇಲಿನಿಂದ ಹೊರಗೆ, ತಂಪು ಗಾಳಿ ಕೆಳಗಿನಿಂದ ಒಳಗೆ. ಕರೆಂಟಿಲ್ಲದ ಕಾಲದ ಜಾಣತನ.

ಬ್ರಾಂಟಿಗಳ ಕಾಲದಲ್ಲಿ ಬಹಳ ವರ್ಷ ಈ ಕಿಟಕಿಗಳಿಗೆ ಪರದೆ ಇರಲಿಲ್ಲ. ಪ್ಯಾಟ್ರಿಕ್‌ಗೆ ಬೆಂಕಿಯ ಭಯ. ಬಟ್ಟೆಗೆ ಬೆಂಕಿ ತಾಗಿ ಸತ್ತ ಎಷ್ಟೋ ಮಕ್ಕಳನ್ನು ಮಣ್ಣು ಮಾಡಿದ್ದು ಅವರೇ. ಮಕ್ಕಳಿಗೆ ಹತ್ತಿ, ನಾರು ಬಟ್ಟೆ ಬೇಡ, ಉಣ್ಣೆ, ರೇಷ್ಮೆ ತೊಡಿಸಿ ಎಂದು 1844ರಲ್ಲಿ ಪತ್ರಿಕೆಗೆ ಬರೆದಿದ್ದರು. ಮೇಣದ ಬತ್ತಿ ಹಿಡಿದು ಮಕ್ಕಳು ಓಡಾಡುವ ಮನೆಯಲ್ಲಿ ಪರದೆ ಯಾಕೆ ಬೇಕು? ಬದಲಿಗೆ ಒಳಗಡೆ ಮರದ ಬಾಗಿಲುಗಳಿದ್ದವು. ರಾತ್ರಿ ಅದನ್ನೇ ಮುಚ್ಚುತ್ತಿದ್ದರು. ಹಗಲಲ್ಲಿ ಕಿಟಕಿ ಪೂರ್ತಿ ಬಿಚ್ಚಿರುತ್ತಿತ್ತು. ಪಡಸಾಲೆಯ ಗೋಡೆಗೆ ಕಾಗದ ಅಂಟಿಸಿರಲಿಲ್ಲ, ಪಾರಿವಾಳದ ಬೂದು ಬಣ್ಣ ಹಚ್ಚಿದ್ದರು. ನೆಲಕ್ಕೆ ಮರಳುಗಲ್ಲಿನ ಹಾಸು, ಚೆನ್ನಾಗಿ ಉಜ್ಜಿ ತೊಳೆದದ್ದು. ಮೆಟ್ಟಿಲೂ ಕಲ್ಲಿನದೇ. ಮನೆಗೆ ಬಂದು ಹೋಗುತ್ತಿದ್ದ ಶಾರ್ಲಟ್‌ಳ ಗೆಳತಿ ಎಲೆನ್ ನಸ್ಸಿ ಇದನ್ನೆಲ್ಲ ಬರೆದಿಟ್ಟಿದ್ದಾಳೆ. ಅವಳು ಹೇಳುವುದು ಚೊಕ್ಕ ಮನೆಯ ಬಗ್ಗೆ, ಭೂತದ ಮನೆಯ ಬಗ್ಗೆ ಅಲ್ಲ.

ಹಾಗಾದರೆ ಫೋಟೋದಲ್ಲಿ ಮಬ್ಬು ಎಲ್ಲಿಂದ ಬಂತು? ಮರಗಳಿಂದ. ಸಮಾಧಿಗಳ ನಡುವೆ ಎತ್ತರಕ್ಕೆ ಬೆಳೆದು ಕಾಗೆ ಗೂಡು ಕಟ್ಟಿರುವ ಆ ಮರಗಳನ್ನು ನೆಟ್ಟದ್ದು 1864ರಲ್ಲಿ. ಅಂದರೆ ಬ್ರಾಂಟಿ ಮನೆಯವರೆಲ್ಲ ತೀರಿಕೊಂಡ ಮೇಲೆ. 1850ರ ದಶಕದ ಒಂದು ಹಳೇ ಗಾಜಿನ ಫೋಟೋ ಇದೆ. ಅದರಲ್ಲಿ ಮನೆಗೂ ಸಮಾಧಿಗಳಿಗೂ ನಡುವೆ ಒಂದು ಎಲೆಯ ಅಡ್ಡಿಯೂ ಇಲ್ಲ, ಬಟಾ ಬಯಲು. ಬೆಳಗಿನ ಬಿಸಿಲು ನೇರ ಊಟದ ಮನೆಗೆ ಬೀಳುತ್ತಿತ್ತು. ನಾವು ಇವತ್ತಿನ ಮರದ ನೆರಳನ್ನು ಅವತ್ತಿನ ಹುಡುಗಿಯರ ತಲೆಗೆ ಕಟ್ಟುತ್ತಿದ್ದೇವೆ.

ಇನ್ನು ಸಾವಿನ ಮಾತು. ಇದನ್ನು ಓಡಿಸಿಕೊಂಡು ಹೇಳಲಾರೆ.

ದೊಡ್ಡ ಹುಡುಗಿಯರಾದ ಮರಿಯಾ ಮತ್ತು ಎಲಿಜಬೆತ್ ತೀರಿಕೊಂಡದ್ದು 1825ರಲ್ಲಿ. ದೂರದ ಬೋರ್ಡಿಂಗ್ ಶಾಲೆಯಲ್ಲಿ ಕಾಯಿಲೆ ಬಿದ್ದು ಮನೆಗೆ ಬಂದ ಮೇಲೆ. ಒಬ್ಬಳಿಗೆ 11, ಇನ್ನೊಬ್ಬಳಿಗೆ 10. ಒಬ್ಬನೇ ಮಗ ಬ್ರಾನ್‌ವೆಲ್ 1848ರ ಸೆಪ್ಟೆಂಬರ್, ಎಮಿಲಿ ಅದೇ ಡಿಸೆಂಬರ್, ಆ್ಯನ್ 1849ರ ಮೇ. ಎಂಟು ತಿಂಗಳಲ್ಲಿ ಮೂವರು. ಶಾರ್ಲಟ್ 1855ರಲ್ಲಿ, 38ನೇ ವಯಸ್ಸಿಗೆ. ಬಹುಪಾಲು ಕ್ಷಯದ ಕೆಲಸ. ಎಮಿಲಿಗೆ 30 ಆಗಿತ್ತು, ಆ್ಯನ್‌ಗೆ 29. ಇಷ್ಟು ಕೇಳಿದರೆ ಶಾಪ ಅನ್ನಿಸುವುದು ಸಹಜ. ಆದರೆ ಪಕ್ಕದ ಬೀದಿಯ ಲೆಕ್ಕವನ್ನೂ ನೋಡಬೇಕು.

ಆ ಲೆಕ್ಕ ನಮಗೆ ಸಿಕ್ಕಿರುವುದೇ ಆ ಮನೆಯ ಯಜಮಾನನಿಂದ. ಊರಿನ ನೀರು ಕೆಟ್ಟಿದೆ, ಚರಂಡಿ ಇಲ್ಲ, ಯಾರಾದರೂ ಬಂದು ನೋಡಿ ಎಂದು ಪ್ಯಾಟ್ರಿಕ್ 1849ರಲ್ಲಿ ಲಂಡನ್ನಿನ ಆರೋಗ್ಯ ಮಂಡಳಿಗೆ ಅರ್ಜಿ ಹಾಕಿಸಿದರು. 1848ರ ಕಾನೂನಿನಂತೆ ತೆರಿಗೆ ಕಟ್ಟುವವರಲ್ಲಿ ಹತ್ತರಲ್ಲೊಬ್ಬರಾದರೂ ಸಹಿ ಹಾಕಬೇಕಿತ್ತು. ಸಹಿ ಮಾಡಿಸಿದರು. ಉತ್ತರ ತಡವಾದಾಗ ಮತ್ತೆ ಮತ್ತೆ ಬರೆದರು. ಅದಕ್ಕಿಂತ ಸ್ವಲ್ಪ ಮೊದಲು ಮೂವರು ಮಕ್ಕಳನ್ನು ಕಳೆದುಕೊಂಡಿದ್ದ ಎಪ್ಪತ್ತು ದಾಟಿದ ಮನುಷ್ಯ ಇವರು. ಕೊನೆಗೆ 1850ರಲ್ಲಿ ಬೆಂಜಮಿನ್ ಹರ್ಷಲ್ ಬ್ಯಾಬೇಜ್ ಎಂಬ ಎಂಜಿನಿಯರ್ ಬಂದ. ಬೆಂಗಳೂರಿನ ಕಂಪ್ಯೂಟರ್ ಮಂದಿಗೆ ಈ ಹೆಸರು ಕೇಳಿದ ಹಾಗೆ ಅನ್ನಿಸಬಹುದು. ಹೌದು, ಲೆಕ್ಕ ಮಾಡುವ ಯಂತ್ರದ ಚಾರ್ಲ್ಸ್ ಬ್ಯಾಬೇಜ್‌ನ ಮಗ.

ಅವನು ಬರೆದ ವರದಿ ಓದಿದರೆ ಹೊಟ್ಟೆ ತೊಳಸುತ್ತದೆ. ಇಡೀ ಊರಿಗೆ 69 ಕಕ್ಕಸು. ನೀರು ಹಾಕಿ ತೊಳೆಯುವಂಥದ್ದು ಒಂದೂ ಇಲ್ಲ. ಮನೆಗಳ ಹಿಂದೆ ತಿಪ್ಪೆ, ಅದರ ರಸ ಬೀದಿಯಲ್ಲಿ. ಹತ್ತು ವರ್ಷದಲ್ಲಿ ಚರ್ಚ್ ಅಂಗಳದಲ್ಲಿ 1,344 ಹೆಣ ಹೂತಿದ್ದಾರೆ. ಸಮಾಧಿಯ ಮೇಲೆ ಅಗಲ ಚಪ್ಪಡಿ ಮಲಗಿಸಿದ್ದರಿಂದ ಮಣ್ಣಿಗೆ ಗಾಳಿ ಇಲ್ಲ, ಗಿಡ ಹುಟ್ಟಲು ಜಾಗ ಇಲ್ಲ ಎಂದು ಅವನು ಬೈದಿದ್ದಾನೆ. ಊರಲ್ಲಿ ಸತ್ತವರ ಸರಾಸರಿ ವಯಸ್ಸು 25.8. ಹುಟ್ಟಿದ ಮಕ್ಕಳಲ್ಲಿ 41.6 ಶೇಕಡ ಆರು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು.

ಈಗ ಹೇಳಿ. ಬ್ರಾನ್‌ವೆಲ್‌ಗೆ 31, ಎಮಿಲಿಗೆ 30, ಆ್ಯನ್‌ಗೆ 29, ಶಾರ್ಲಟ್‌ಗೆ 38. ನಾಲ್ವರೂ ಊರಿನ ಸರಾಸರಿಗಿಂತ ಜಾಸ್ತಿಯೇ ಬದುಕಿದರು. ಆ ಊರಿನ ಮಟ್ಟಿಗೆ ಗುಡ್ಡದ ತುದಿಯ ಆ ಮನೆ ಒಳ್ಳೇ ಮನೆಯೇ ಆಗಿತ್ತು. ದೋಷ ಹುಡುಕಲೇಬೇಕೆಂದಿದ್ದರೆ ನೀರಿಗೆ ದುಡ್ಡು ಬಿಚ್ಚಲು ಒಪ್ಪದವರಲ್ಲಿ ಹುಡುಕಿ. ಸ್ವಂತ ನೀರಿದ್ದ ಆಸ್ತಿವಂತರು ಹೊಸ ತೆರಿಗೆ ಬೇಡವೆಂದು ಅಡ್ಡ ನಿಂತರು, ಕೆಲಸ ವರ್ಷಗಟ್ಟಲೆ ಎಳೆಯಿತು. ಈ ಕಥೆ ಕೇಳಿದಾಗ ನಮ್ಮ ಬಡಾವಣೆಗಳ ಸಭೆ ನೆನಪಾಗುವವರು ಇರಬಹುದು, ಇರಲಿ.

ಮತ್ತೆ ಒಳಗೆ ಬನ್ನಿ. ಈ ಮನೆಯಲ್ಲಿ ನನಗೆ ಅತಿ ಇಷ್ಟವಾದದ್ದು ಒಂದು ಗೋಡೆ. ಬಹಳ ಜನ ಅದನ್ನು ಸವರಿಕೊಂಡೇ ಮುಂದೆ ಹೋಗುತ್ತಾರೆ.

ಮುಂಬಾಗಿಲು ದಾಟಿದರೆ ಪಡಸಾಲೆ. ಬಲಕ್ಕೆ ಪ್ಯಾಟ್ರಿಕ್ ಓದುವ ಕೋಣೆ, ಎಡಕ್ಕೆ ಊಟದ ಕೋಣೆ. 1779ರ ನಕ್ಷೆಯಂತೆ ಎರಡೂ ತಕ್ಕಡಿ ಹಿಡಿದಷ್ಟು ಸಮ ಇರಬೇಕಿತ್ತು. ಈಗ ಇಲ್ಲ. ಎಡಗಡೆಯದು ಅಗಲ. 1850ರಲ್ಲಿ ಶಾರ್ಲಟ್ ಆ ನಡುಗೋಡೆಯನ್ನು ಪಡಸಾಲೆಯ ಕಡೆಗೆ ಸರಿಸಿದಳು. ಪುಸ್ತಕದಿಂದ ಕೈಗೆ ಸ್ವಲ್ಪ ಕಾಸು ಬಂದಿತ್ತು. ಮೇಲಿನ ಅವಳ ಮಲಗುವ ಕೋಣೆಯೂ ಅದೇ ಅಳತೆಗೆ ಹಿಗ್ಗಿತು. ಪಡಸಾಲೆ ಕಿರಿದಾಯಿತು. ಪಡಸಾಲೆಯ ಮೇಲಿದ್ದ ಮಕ್ಕಳ ಕೋಣೆ ಇನ್ನೂ ಕಿರಿದಾಗಿ ಓಣಿಯಂತಾಯಿತು. ಹುಡುಗಿಯರು ಪುಟ್ಟ ಪುಸ್ತಕಗಳನ್ನು ಹೊಲಿಯುತ್ತಿದ್ದ, ಆಮೇಲೆ ಎಮಿಲಿ ಮಲಗುತ್ತಿದ್ದ ಕೋಣೆ ಅದು. ಅದರ ಗೋಡೆಯ ಮೇಲೆ ಪೆನ್ಸಿಲ್ ಗೀರುಗಳಿವೆ, ಆ ಮಕ್ಕಳದ್ದೇ ಇರಬಹುದು. ಎಲ್ಲರೂ ಅಲ್ಲಿ ನಿಂತು "ಅಯ್ಯೋ, ಇಷ್ಟು ಇಕ್ಕಟ್ಟಿನಲ್ಲಿ ಎಮಿಲಿ ಹೇಗಿದ್ದಳಪ್ಪ" ಅನ್ನುತ್ತಾರೆ. ಅವಳಿದ್ದಾಗ ಅಷ್ಟು ಇಕ್ಕಟ್ಟಿರಲಿಲ್ಲ. ಅವಳು ಹೋದ ಮೇಲೆ ಅಕ್ಕ ಗೋಡೆ ಸರಿಸಿದ್ದು.

ಊಟದ ಕೋಣೆಯಲ್ಲಿ ಮೂವರೂ ರಾತ್ರಿ ಮೇಜಿನ ಸುತ್ತ ನಡೆಯುತ್ತಾ ಬರೆದದ್ದನ್ನು ಓದಿ ಹೇಳುತ್ತಿದ್ದರು. 1847ರಲ್ಲಿ ಅಚ್ಚಾದ ಅವರ ಕಾದಂಬರಿಗಳು ಬೆಳೆದದ್ದು ಆ ನಡಿಗೆಯಲ್ಲಿ. 1850ರ ಹೊತ್ತಿಗೆ ನಡೆಯಲು ಉಳಿದವಳು ಒಬ್ಬಳೇ. ಅಷ್ಟು ಹೊತ್ತಿಗೆ ಕೋಣೆ ದೊಡ್ಡದು ಮಾಡಿಸಿದಳು, ಮೊದಲ ಸಲ ಕೆಂಪು ಪರದೆ ಹಾಕಿಸಿದಳು. ಯಾಕೆ ಎಂದು ನಾನು ಊಹಿಸಿ ಹೇಳುವುದಿಲ್ಲ. ಆದರೆ ಮೂಲೆ ಹಿಡಿದು ಕೂತು ಕೊರಗಿದವಳು ಎನ್ನುವ ಚಿತ್ರಕ್ಕೆ ಈ ಗೋಡೆ ಹೊಂದುವುದಿಲ್ಲ. ಮೇಸ್ತ್ರಿ ಕರೆಸಿ, ದೂಳು ಸಹಿಸಿ, ಗೋಡೆ ಒಡೆಸಿದ ಹೆಂಗಸು ಅವಳು. 1854ರಲ್ಲಿ ಮದುವೆಗೆ ಮೊದಲು ಊಟದ ಕೋಣೆಯ ಹಿಂದಿದ್ದ ಉಗ್ರಾಣವನ್ನು ಭಾವಿ ಗಂಡ ಆರ್ಥರ್ ನಿಕೋಲ್ಸ್‌ಗೆ ಓದುವ ಕೋಣೆಯಾಗಿ ಮಾಡಿಸಿದಳು. ಹಸಿರು ಬಿಳಿ ಪರದೆ ಗೋಡೆ ಕಾಗದಕ್ಕೆ ಸರಿಯಾಗಿ ಹೊಂದಿದೆ ಎಂದು ಖುಷಿಯಿಂದ ಎಲೆನ್‌ಗೆ ಬರೆದಿದ್ದಾಳೆ.

ಮನೆಯ ಬಲ ತುದಿಗೆ ಅಂಟಿಕೊಂಡ ಚೂಪು ಮಾಡಿನ ಭಾಗ ಬ್ರಾಂಟಿಗಳ ಕಾಲದ್ದಲ್ಲ. ಪ್ಯಾಟ್ರಿಕ್ ನಂತರ ಬಂದ ಪಾದ್ರಿ ಜಾನ್ ವೇಡ್ 1870ರ ದಶಕದಲ್ಲಿ ಕಟ್ಟಿಸಿದ್ದು. ಅದಕ್ಕೆ ದಾರಿ ಮಾಡಲು ಹಳೇ ಅಡುಗೆ ಮನೆಯನ್ನೂ ಕೆಡಿಸಿದ. ಆಮೇಲೆ ಗೋಪುರ ಒಂದನ್ನು ಬಿಟ್ಟು ಹಳೇ ಚರ್ಚನ್ನೇ ಉರುಳಿಸಿ 1879ರಿಂದ 81ರವರೆಗೆ ಹೊಸದು ಕಟ್ಟಿಸಿದ. ಬ್ರಾಂಟಿ ಅಭಿಮಾನಿಗಳು ಇವತ್ತಿಗೂ ಅವನ ಹೆಸರೆತ್ತಿದರೆ ಹಲ್ಲು ಕಡಿಯುತ್ತಾರೆ. ನನಗೂ ಆ ಚೂಪು ಮಾಡು ಇಷ್ಟವಿಲ್ಲ. ಎಡ ಬಲ ಸಮ ಇದ್ದ ಮುಖವನ್ನು ಒಂದು ಕಡೆಗೆ ಎಳೆದ ಹಾಗಿದೆ. ಹಾಗಂತ ಒಡೆದು ಹಾಕಿ ಎನ್ನುವವರ ಜೊತೆ ನಾನಿಲ್ಲ. ಶಾರ್ಲಟ್ ಗೋಡೆ ಸರಿಸಿದರೆ ಚರಿತ್ರೆ, ವೇಡ್ ಸರಿಸಿದರೆ ಅಪರಾಧ ಅಂದರೆ ಹೇಗೆ? ಇದು ಪಾದ್ರಿಗಳ ಮನೆ. ಬಂದವರೆಲ್ಲ ತಮ್ಮ ಸಂಸಾರಕ್ಕೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸಿ ಬಾಳಿದ್ದಾರೆ. ಅವನು ಅದನ್ನು ಬಾಳುವ ಮನೆಯಾಗಿ ಇಟ್ಟುಕೊಂಡದ್ದರಿಂದಲೇ 1928ರಲ್ಲಿ ಕೊಳ್ಳಲು ಒಂದು ಮನೆ ಉಳಿದಿತ್ತು.

ಆ ವರ್ಷ ಸರ್ ಜೇಮ್ಸ್ ರಾಬರ್ಟ್ಸ್ ಎಂಬ ಉಣ್ಣೆ ವ್ಯಾಪಾರಿ 3,000 ಪೌಂಡ್ ಕೊಟ್ಟು ಇದನ್ನು ಚರ್ಚಿನಿಂದ ಕೊಂಡು ಬ್ರಾಂಟಿ ಸೊಸೈಟಿಗೆ ಒಪ್ಪಿಸಿದರು. ಹಾವರ್ತ್‌ನಲ್ಲೇ ಹುಟ್ಟಿದವರು. ಸೊಸೈಟಿ 1893ರದ್ದು. 1928ರವರೆಗೆ ಮುಖ್ಯ ಬೀದಿಯ ಬ್ಯಾಂಕೊಂದರ ಮೇಲಿನ ಕೋಣೆಯಲ್ಲಿ ಅವರ ಮ್ಯೂಸಿಯಂ ಇತ್ತು. ಗೋಡೆಯ ಬಣ್ಣವನ್ನು ಪದರ ಪದರವಾಗಿ ಕೆರೆದು ಪರೀಕ್ಷೆ ಮಾಡಿಸಿ 2013ರಲ್ಲಿ ಕೋಣೆಗಳನ್ನು ಬ್ರಾಂಟಿ ಕಾಲಕ್ಕೆ ಹತ್ತಿರ ತಂದಿದ್ದಾರೆ. ಮೆಟ್ಟಿಲ ತಿರುವಿನಲ್ಲಿ ಎತ್ತರದ ಗಡಿಯಾರವೊಂದಿದೆ. ಪ್ಯಾಟ್ರಿಕ್ ದಿನಾ ರಾತ್ರಿ ಒಂಬತ್ತಕ್ಕೆ ಮಲಗಲು ಹೋಗುವಾಗ ಅಲ್ಲಿ ನಿಂತು ಕೀಲಿ ಕೊಡುತ್ತಿದ್ದರು.

ಇಷ್ಟು ಹೇಳಿದ ಮೇಲೆ ನನ್ನ ಬೇಡಿಕೆ.

ಪ್ರವಾಸ ಏರ್ಪಡಿಸುವವರೇ, ದಯವಿಟ್ಟು ಹಾವರ್ತ್‌ಗೆ "ಫೋಟೋ ಸ್ಟಾಪ್" ಎಂದು ಅರ್ಧ ಗಂಟೆ ಕೊಡಬೇಡಿ. ಕಡಿಮೆ ಅಂದರೂ ಎರಡು ಗಂಟೆ ಬೇಕು. ಬಸ್ಸಿನಲ್ಲಿ ಮೈಕ್ ಹಿಡಿದು ದೆವ್ವದ ಕಥೆ ಹೇಳಿ ನಗಿಸುವ ಬದಲು ಬ್ಯಾಬೇಜ್ ವರದಿಯ ಎರಡು ಅಂಕಿ ಹೇಳಿ, ಜನ ತಾವಾಗಿಯೇ ಕಿವಿ ಕೊಡುತ್ತಾರೆ. ಗಾಜಿನ ಪೆಟ್ಟಿಗೆಯಲ್ಲಿರುವ ಪುಟಾಣಿ ಬೂಟು, ಉಡುಪು ನೋಡಬೇಡಿ ಅನ್ನುವುದಿಲ್ಲ. ನೋಡಿ. ಆದರೆ ಹೊರಗೆ ನಿಂತು ಐದು ನಿಮಿಷ ಕಿಟಕಿ ಎಣಿಸುವುದಕ್ಕೂ ಬಿಡಿ. ಮಕ್ಕಳಿದ್ದರೆ ಅವರಿಗೆ ಒಂದು ಕೆಲಸ ಕೊಡಿ. ಪಡಸಾಲೆಯಲ್ಲಿ ನಿಂತು ಎಡದ ಕೋಣೆ ದೊಡ್ಡದೋ ಬಲದ್ದೋ, ಯಾಕೆ ಅಂತ ಕಂಡುಹಿಡಿಯಲಿ.

ಹಿರಿಯರೇ, ರೈಲು ನಿಲ್ದಾಣದಿಂದ ಮನೆಯವರೆಗೂ ಕಡಿದಾದ ಏರು, ಕಲ್ಲು ಹಾಸಿದ ಬೀದಿ. ಮಳೆಯಲ್ಲಿ ಜಾರುತ್ತದೆ, ಚಪ್ಪಲಿ ಬೇಡ, ಶೂ ಹಾಕಿಕೊಳ್ಳಿ. ಮಂಡಿ ನೋವಿದ್ದವರನ್ನು ಮೇಲೆ ಚರ್ಚಿನ ಹತ್ತಿರವೇ ಇಳಿಸಲು ಡ್ರೈವರ್‌ಗೆ ಹೇಳಿ. ಚಳಿಗಾಲದಲ್ಲಿ ಕೆಲವು ವಾರ ಮನೆ ಮುಚ್ಚಿರುತ್ತದೆ, ಹೊರಡುವ ಮೊದಲು ವಿಚಾರಿಸಿ. ಆದಷ್ಟು ಬೆಳಗ್ಗೆಯೇ ಬನ್ನಿ. ಮರಗಳಲ್ಲಿ ಎಲೆ ಇಲ್ಲದ ಮಾರ್ಚ್ ತಿಂಗಳಾದರೆ ಇನ್ನೂ ಒಳ್ಳೆಯದು, ಊಟದ ಕೋಣೆಗೆ ಬಿಸಿಲು ಬರುವುದು ಆಗಲೇ ಸರಿಯಾಗಿ ಕಾಣುತ್ತದೆ.

ಇಂತಿ ನಿಮ್ಮವ,
ವೆಸ್ಟ್ ಯಾರ್ಕ್‌ಷೈರ್‌ನಲ್ಲಿರುವ ಒಬ್ಬ ಕನ್ನಡಿಗ